ಟ್ರೇಲರಿನ ಅಚ್ಚು ಏಕೆ ಮುರಿಯುತ್ತದೆ?

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯ ದಾರಿಗಳಲ್ಲಿ ಸಂಚರಿಸಿದವರಿಗೆ, ಟ್ರಾಕ್ಟರಿನ ಹಿಂದೆ ತೂಗಾಡುತ್ತ ಸಾಗುವ ಕಬ್ಬಿನ ಟ್ರೇಲರುಗಳು ಪರಿಚಿತ ನೋಟ. ಒಮ್ಮೆ ಅಂಥ ದಾರಿಯೊಂದರಲ್ಲಿ ಟ್ರೇಲರೊಂದು ಪಕ್ಕಕ್ಕೆ ವಾಲಿ ನಿಂತಿರುವುದನ್ನು ನಾವು ಕಂಡೆವು. ಅದರ ಅಚ್ಚು ಮುರಿದು, ಒಂದು ಗಾಲಿ ಕಾಲುವೆಯ ಏರಿಯವರೆಗೆ ಉರುಳಿಹೋಗಿತ್ತು. ಹೊರೆಯ ಮೇಲೆ ಕುಳಿತಿದ್ದ ಕೂಲಿಯಾಳೊಬ್ಬನು ಕೆಳಗೆ ಬಿದ್ದು ಕೈ ಮುರಿದುಕೊಂಡಿದ್ದನು. “ನೆನ್ನೆ ಇದಕ್ಕಿಂತ ಜಾಸ್ತಿ ಹೇರಿದ್ದೆ ಸ್ವಾಮಿ, ಏನೂ ಆಗಲಿಲ್ಲ. ಇವತ್ತು ಕಮ್ಮಿ ಹೇರಿದೀನಿ, ಮುರಿದುಹೋಯ್ತು” ಎಂದು ಚಾಲಕನು ಹಣೆ ಚಚ್ಚಿಕೊಂಡನು.

ಆತನ ಮಾತಿನಲ್ಲಿ ಭೌತಶಾಸ್ತ್ರದ ಪ್ರಶ್ನೆಯೊಂದು ಅಡಗಿದೆ. ಹೆಚ್ಚು ಭಾರವನ್ನು ತಾಳಿದ ಉಕ್ಕು ಕಡಿಮೆ ಭಾರಕ್ಕೆ ಮುರಿದುದೇಕೆ?

ಉತ್ತರವು ಮುರಿದ ಅಚ್ಚಿನ ಮುಖದಲ್ಲಿಯೇ ಇದ್ದಿತು. ಆ ಮುಖದ ಬಹುಭಾಗವು ನುಣುಪಾಗಿ, ತುಕ್ಕಿನಿಂದ ಕಪ್ಪಾಗಿದ್ದು, ಕಪ್ಪೆಚಿಪ್ಪಿನ ಮೇಲಿರುವಂಥ ಬಾಗಿದ ಗೆರೆಗಳಿಂದ ಕೂಡಿತ್ತು. ಉಳಿದ ಸ್ವಲ್ಪ ಭಾಗ ಮಾತ್ರ ಹರಳುಹರಳಾಗಿ ಹೊಳೆಯುತ್ತಿತ್ತು. ನುಣುಪಾದ ಭಾಗವು ಬಹುದಿನಗಳಿಂದ ಮೆಲ್ಲಮೆಲ್ಲನೆ ಬೆಳೆಯುತ್ತ ಬಂದ ಬಿರುಕು. ಹೊಳೆಯುವ ಭಾಗ ಅಂದು ಹರಿದದ್ದು. ಆ ದಿನ ಹೊರೆಯನ್ನು ಹೊತ್ತಿದ್ದುದು ಅಷ್ಟು ಚಿಕ್ಕ ಲೋಹದ ತುಣುಕು ಮಾತ್ರ!

ಲೋಹದ ದಣಿವು

ಒಂದೇ ಸಲಕ್ಕೆ ಮುರಿಯಲಾರದ ಬಲವನ್ನು ಮತ್ತೆ ಮತ್ತೆ ಪ್ರಯೋಗಿಸಿದರೆ ಲೋಹವು ಕೊನೆಗೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಕಬ್ಬಿಣದ ತಂತಿಯಿಂದ ಮೂರು ತುಂಡುಗಳನ್ನು ಕತ್ತರಿಸಿ, ಮೊದಲನೆಯದನ್ನು 90, ಎರಡನೆಯದನ್ನು 60, ಮೂರನೆಯದನ್ನು 30 ಡಿಗ್ರಿಗಳಷ್ಟು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ, ಮುರಿಯುವವರೆಗೆ ಎಣಿಸಿರಿ. ಬಾಗುವಿಕೆ ಕಡಿಮೆಯಾದಂತೆ ಎಣಿಕೆಯು ಬಹಳವಾಗಿ ಹೆಚ್ಚುವುದನ್ನು ಕಾಣುವಿರಿ.

ಈ ಪಾಠವನ್ನು ಜಗತ್ತು ಬಹಳ ಬೆಲೆ ತೆತ್ತು ಕಲಿಯಿತು. 1842ನೆಯ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಉರಿದು, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಪ್ರಸಿದ್ಧ ನಾವಿಕ ದ್ಯುಮೋಂ ದ್ಯುರ್ವಿಲ್ ಸಹ ಕುಟುಂಬಸಮೇತ ಅಸುನೀಗಿದನು. ಕುಲುಕಾಟದಿಂದ ಕಬ್ಬಿಣವು ಹರಳುಗಟ್ಟಿ ಮುರಿಯುತ್ತದೆಂದು ಆಗ ಅನೇಕರು ನಂಬಿದ್ದರು. ಆದರೆ ಕಬ್ಬಿಣವು ಮೊದಲಿನಿಂದಲೂ ಹರಳುಗಳ ರಾಶಿಯೇ. ಮರುವರ್ಷ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರು, ಅಚ್ಚಿನ ದಪ್ಪವು ಥಟ್ಟನೆ ಬದಲಾಗುವ ಮೂಲೆಯಲ್ಲಿ ಬಿರುಕು ಮೊದಲಾಗಿ ಕ್ರಮೇಣ ಒಳಕ್ಕೆ ಸಾಗುತ್ತದೆಂದು ತೋರಿಸಿ, ಆ ಮೂಲೆಯನ್ನು ದುಂಡಾಗಿ ಮಾಡಬೇಕೆಂದು ಸಲಹೆಯಿತ್ತನು. ಬಳಿಕ ಪ್ರಷ್ಯಾದ ವೋಲರ್ ಎಂಬಾತನು ದೀರ್ಘಕಾಲದ ಪ್ರಯೋಗಗಳಿಂದ, ಪೀಡನವು ಹೆಚ್ಚಿದಂತೆ ಅಚ್ಚಿನ ಆಯುಸ್ಸು ಕುಗ್ಗುವ ಬಗೆಯನ್ನು ನಿರ್ಧರಿಸಿದನು.

ಬೆಸುಗೆ ಹಾಕಿದ ಉಕ್ಕಿನ ಭಾಗಗಳ ಆಯುಸ್ಸು, ಪೀಡನದ ಏರಿಳಿತದ ಘನಕ್ಕೆ ಸುಮಾರಾಗಿ ವಿಲೋಮವಾಗಿರುತ್ತದೆ. ಹೊರೆಯನ್ನು ಒಂದೂವರೆ ಪಟ್ಟು ಮಾಡಿದರೆ ಏರಿಳಿತವೂ ಒಂದೂವರೆ ಪಟ್ಟಾಯಿತೆನ್ನೋಣ. 1.5ರ ಘನ ಸುಮಾರು 3.4. ಅಂದರೆ ಅಚ್ಚಿನ ಆಯುಸ್ಸು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಯಿತು! ನೆನ್ನೆ ಹೇರಿದ ಹೆಚ್ಚಿನ ಭಾರವು ಏನೂ ಮಾಡಲಿಲ್ಲವೆಂದು ಚಾಲಕನು ತಿಳಿದಿದ್ದನು. ಅದು ಬಿರುಕನ್ನು ಬೆಳೆಸಿತ್ತು.

ಅಲೆಯ ರಸ್ತೆ

ರೈಲಿನ ಅಚ್ಚು ಗಾಲಿಯೊಡನೆ ತಿರುಗುವುದರಿಂದ ಪ್ರತಿ ಸುತ್ತಿಗೂ ಎಳೆತ-ಒತ್ತಡಗಳು ಅದಲುಬದಲಾಗುತ್ತವೆ. ಟ್ರೇಲರಿನ ಅಚ್ಚು ತಿರುಗುವುದಿಲ್ಲ. ಅದರ ತುದಿಗಳನ್ನು ಗಾಲಿಗಳು ಮೇಲಕ್ಕೆ ಒತ್ತುತ್ತವೆ. ಒಳಗಡೆ ಪಟ್ಟಿಗಳು ಕೆಳಕ್ಕೆ ಒತ್ತುತ್ತವೆ. ಆದುದರಿಂದ ಅದರ ಕೆಳಮೈ ಸದಾ ಎಳೆತದಲ್ಲಿರುತ್ತದೆ. ಅದನ್ನು ದಣಿಸುವುದು ರಸ್ತೆಯ ಕುಲುಕಾಟ.

ಮಣ್ಣುರಸ್ತೆಯ ಮೇಲೆ ತಗಡಿನ ಮಡಿಕೆಗಳಂತೆ ಅಡ್ಡಡ್ಡವಾಗಿ ಎದ್ದಿರುವ ಅಲೆಗಳನ್ನು ನೋಡಿರಬಹುದು. ಎರಡು ಅಲೆಗಳ ನಡುವಣ ಅಂತರ 75 ಸೆಂಟಿಮೀಟರ್ ಇರಲಿ; ವೇಗ ಗಂಟೆಗೆ 27 ಕಿಲೋಮೀಟರ್, ಅಂದರೆ ಸೆಕೆಂಡಿಗೆ 7.5 ಮೀಟರ್ ಇರಲಿ. ಗಾಲಿಗೆ ಸೆಕೆಂಡಿಗೆ 10 ಪೆಟ್ಟುಗಳು ಬೀಳುತ್ತವೆ, ಗಂಟೆಗೆ 36,000. ಇಪ್ಪತ್ತೆಂಟು ಗಂಟೆಗಳಲ್ಲಿ ಪೆಟ್ಟುಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟುತ್ತದೆ. ಟೈರಿನ ಮೇಲೆ ಕುಣಿಯುವ ಗಾಲಿ ಮತ್ತು ಅಚ್ಚುಗಳ ಸಹಜ ಆವೃತ್ತಿಯೂ ಹಲವು ವಾಹನಗಳಲ್ಲಿ ಸುಮಾರು 10 ಆಗಿರುತ್ತದೆ. ಎರಡೂ ಕೂಡಿದಾಗ ಅನುರಣನವುಂಟಾಗಿ ಕುಣಿತವು ಬೆಳೆಯುತ್ತದೆ.

ಪಟ್ಟಿಗಳ ಕೆಲಸ

ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಈ ಪೆಟ್ಟುಗಳನ್ನು ನುಂಗುತ್ತದೆ. ಪಟ್ಟಿಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ಘರ್ಷಣೆಯೇ ಕುಣಿತವನ್ನು ಅಡಗಿಸುತ್ತದೆ. ಅತಿಯಾಗಿ ಹೇರಿದರೆ ಪಟ್ಟಿಗಳು ಪೂರ್ತಿ ಕುಸಿದು, ಪೆಟ್ಟು ನೇರವಾಗಿ ಅಚ್ಚಿಗೆ ತಗಲುತ್ತದೆ.

ಪಟ್ಟಿಗಳ ನಡುವೆ ಬೋಲ್ಟಿಗಾಗಿ ಒಂದು ರಂಧ್ರವಿರುತ್ತದೆ. ಅಗಲವಾದ ತಗಡನ್ನು ಎಳೆದಾಗ ಅದರಲ್ಲಿನ ದುಂಡು ರಂಧ್ರದ ಅಂಚಿನಲ್ಲಿ ಪೀಡನವು ಮೂರು ಪಟ್ಟಾಗುತ್ತದೆಂದು ಗಣಿತವು ತಿಳಿಸುತ್ತದೆ. ಪಟ್ಟಿಗಳನ್ನು ಅಚ್ಚಿಗೆ ಬಿಗಿದಿರುವ ಯು-ಬೋಲ್ಟುಗಳು ಬಿಗಿಯಾಗಿರುವವರೆಗೆ ಆ ನಡುಭಾಗವು ಬಾಗುವುದಿಲ್ಲ. ಅವು ಸಡಿಲವಾದರೆ ಬಾಗುವಿಕೆಯೆಲ್ಲ ರಂಧ್ರದ ಬಳಿಗೆ ಬಂದು, ಪಟ್ಟಿ ಅಲ್ಲಿಯೇ ಮುರಿಯುತ್ತದೆ.

ಮಾಡಬೇಕಾದುದೇನು?

ಹೊರಡುವ ಮುನ್ನ ಅಚ್ಚಿನ ಕೆಳಮೈಯನ್ನು, ಅದರಲ್ಲೂ ಪಟ್ಟಿ ಕೂರುವ ಕಡೆ, ಬೆಸುಗೆಯ ಅಂಚು ಮತ್ತು ದಪ್ಪ ಬದಲಾಗುವ ಮೂಲೆಗಳನ್ನು ಒರಸಿ ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಗುರುತಾಗಿರಬಹುದು. ಯು-ಬೋಲ್ಟುಗಳನ್ನು ಬಿಗಿದು, ಸ್ವಲ್ಪ ದೂರ ಸಾಗಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ನಿಂತಾಗಲೆಲ್ಲ ಗಾಲಿಯ ಗುಂಬದ ಬಳಿ ಅಂಗೈಯ ಹಿಂಬದಿಯನ್ನು ಮೆಲ್ಲನೆ ತಂದು ನೋಡಬೇಕು. ಒಂದು ಗಾಲಿ ಉಳಿದುದಕ್ಕಿಂತ ಬಹಳ ಬಿಸಿಯಾಗಿದ್ದರೆ ಅದರ ಬೇರಿಂಗು ಅಥವಾ ಬ್ರೇಕು ಕೆಟ್ಟಿರಬಹುದು.

ದಾರಿಯಲ್ಲಿ ಪಟ್ಟಿ ಮುರಿದರೆ ಎಲ್ಲ ಗಾಲಿಗಳಿಗೂ ಅಡೆಗಲ್ಲು ಕೊಟ್ಟು, ಹೊರೆಯನ್ನು ಇಳಿಸಿ, ಗಟ್ಟಿಯಾದ ಹಲಗೆಯ ಮೇಲೆ ಜಾಕನ್ನು ಇಡಬೇಕು. ಬರಿಯ ಜಾಕಿನ ಮೇಲೆ ನಿಂತ ಟ್ರೇಲರಿನ ಅಡಿಗೆ ಯಾರೂ ಹೋಗಬಾರದು; ಮರದ ದಿಮ್ಮಿಗಳ ಆಸರೆ ಅವಶ್ಯ. ಅಚ್ಚಿಗೂ ಮೇಲಣ ಚೌಕಟ್ಟಿಗೂ ನಡುವೆ ಮರದ ತುಂಡನ್ನಿಟ್ಟು ಸರಪಳಿಯಿಂದ ಬಿಗಿದು, ಬರಿಯ ಟ್ರೇಲರನ್ನು ನಡಿಗೆಯ ವೇಗದಲ್ಲಿ ಹತ್ತಿರದ ಕಾರ್ಖಾನೆಗೆ ಒಯ್ಯಬಹುದು. ಮುರಿದ ಪಟ್ಟಿಗೆ ಬೆಸುಗೆ ಹಾಕಬಾರದು. ಹದಗೊಳಿಸಿದ ಉಕ್ಕು ಬೆಸುಗೆಯ ಕಾವಿನಿಂದ ಹದಗೆಟ್ಟು ಪೆಡಸಾಗುತ್ತದೆ. ಅಚ್ಚೇ ಬಿರಿದಿದ್ದರೆ ಟ್ರೇಲರನ್ನು ಎಳೆಯದಿರುವುದೇ ಕ್ಷೇಮ. ಎಲ್ಲಕ್ಕಿಂತ ಮುಖ್ಯವಾಗಿ, ಹೊರೆಯ ಮೇಲೆ ಮನುಷ್ಯರನ್ನು ಕೂರಿಸಬಾರದು. ಅಚ್ಚನ್ನು ಮರುದಿನವೇ ಹೊಸದಾಗಿ ಹಾಕಿಸಿದರು. ಆ ಕೂಲಿಯಾಳಿನ ಕೈ ಕೂಡಲು ತಿಂಗಳುಗಳೇ ಹಿಡಿದವು.

ಅಭ್ಯಾಸ: ಅಲೆಗಳ ಅಂತರ 60 ಸೆಂಟಿಮೀಟರ್ ಇರುವ ರಸ್ತೆಯಲ್ಲಿ, ಸಹಜ ಆವೃತ್ತಿ 10 ಇರುವ ಗಾಲಿಯು ಯಾವ ವೇಗದಲ್ಲಿ ಅತಿಯಾಗಿ ಕುಣಿಯುತ್ತದೆ? (ಉತ್ತರ: ಗಂಟೆಗೆ 21.6 ಕಿಲೋಮೀಟರ್.)