ಪೋಡಿಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಎನ್‌ಎಸ್‌ಎಸ್ ಶಿಬಿರ ಈ ಸಲ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೊಂದರಲ್ಲಿ, ಅಂದರೆ ಹಾಡಿಯಲ್ಲಿ. ನಾನೇ ತಂಡದ ನಾಯಕಿ. ಹಂಚಲು ಹಳೇ ಬಟ್ಟೆ ಕೂಡಿಸಿದ್ದೇವೆ, ಶಾಲೆಯ ಗೋಡೆಗೆ ಬಣ್ಣ ಹೊಡೆಯುವವರಿದ್ದೇವೆ. ನನ್ನ ತರಗತಿಯಲ್ಲೇ ಸೋಲಿಗರ ಹುಡುಗನೊಬ್ಬನಿದ್ದಾನೆ. ನೀನೂ ಬಾ ಎಂದು ಕರೆದರೆ, ‘ನಮ್ಮನ್ನ ಉದ್ಧಾರ ಮಾಡೋಕೆ ಹೊರಟಿದ್ದೀರಲ್ಲ, ಹೋಗಿಬನ್ನಿ’ ಎಂದು ಎದ್ದು ಹೋದ. ಅವತ್ತಿನಿಂದ ಮಾತಿಲ್ಲ. ನಾನು ಹೋಗಬೇಕೋ ಬೇಡವೋ?
– ಹೆಸರು ಬೇಡ, ಮೈಸೂರು

ಉತ್ತರ: ಹೋಗಿ. ಆದರೆ ಆ ಬಟ್ಟೆ ಮೂಟೆ ಮೈಸೂರಿನಲ್ಲೇ ಇರಲಿ.

ಆ ಮೂಟೆ ಆ ಹುಡುಗನ ತಾಯಿಯ ಮುಂದೆ ಬಿಚ್ಚಿಕೊಳ್ಳುವುದನ್ನು ಒಮ್ಮೆ ಯೋಚಿಸಿ. ಯಾರೋ ಉಟ್ಟು ಬಿಟ್ಟ ಸೀರೆಯನ್ನು ಆಕೆ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ, ಯಾರೋ ಮೊಬೈಲ್ ಎತ್ತಿ ಫೋಟೊ ತೆಗೆಯುತ್ತಾರೆ. ಶಿಬಿರ ಮುಗಿದ ಮರುವಾರ ಅವನು ನಿಮ್ಮ ಪಕ್ಕದ ಬೆಂಚಿನಲ್ಲೇ ಕೂರಬೇಕು. ಅವನ ಮನಸ್ಸಿನಲ್ಲಿರುವುದು ಇದೇ ಎಂದು ನಾನು ಹೇಳಲಾರೆ, ಅದನ್ನು ಅವನೇ ಹೇಳಬೇಕು. ಆದರೆ ಅಷ್ಟು ನೋವಿಗೆ ಇಷ್ಟು ಸಾಕು.

ನೀವು ಯಾರ ಮನೆಗೆ ಹೋಗುತ್ತಿದ್ದೀರಿ ಎಂಬುದನ್ನು ನಿಮ್ಮ ತಂಡ ತಿಳಿದಿರಬೇಕು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಸೋಲಿಗರ ಹಳೆಯ ಬೇಸಾಯ ನಿಂತಿತು, ಒಣಗಿದ ತರಗೆಲೆಗೆ ವರ್ಷವರ್ಷ ಹಚ್ಚುತ್ತಿದ್ದ ತರಗು ಬೆಂಕಿಯೂ ನಿಂತಿತು. ಲಂಟಾನ ಕಳೆ ಈ ಪರಿ ಹಬ್ಬಿದ್ದು ಆ ಬೆಂಕಿ ನಿಂತಿದ್ದರಿಂದಲೇ ಎನ್ನುತ್ತಾರೆ ಅಲ್ಲಿನ ಹಿರಿಯರು. ಸೋಲಿಗರು ನೆಲ್ಲಿ ಕೊಯ್ಯುವಾಗಲೇ ಮರಕ್ಕೆ ಹತ್ತಿದ ಬಂದಳಿಕೆಯನ್ನೂ ಕಡಿದುಹಾಕಿ ಮರ ಉಳಿಸಿದವರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಹೋರಾಡಿ 2011ರಲ್ಲಿ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸಸ್ಯಶಾಸ್ತ್ರ ಓದುವವರು ನಿಮ್ಮಲ್ಲಿದ್ದರೆ ಅವರಿಗೆ ಅಲ್ಲಿ ಮೇಷ್ಟರು ಬೇಕಾದಷ್ಟು ಜನ ಸಿಗುತ್ತಾರೆ.

ಹಾಗಾದರೆ ಕೆಲಸ ಏನು? ಅದನ್ನು ಪೋಡಿನವರೇ ಹೇಳಲಿ. ಶಿಬಿರಕ್ಕೆ ಮೊದಲು ಇಬ್ಬರು ಮೂವರು ಹೋಗಿ ಯಜಮಾನರನ್ನೂ ಹೆಣ್ಣುಮಕ್ಕಳನ್ನೂ ಕೇಳಿ ಬನ್ನಿ. ಗೋಡೆಗೆ ಬಣ್ಣ ಬೇಕೆಂದರೆ ಹೊಡೆಯಿರಿ. ನನಗೆ ಕಾಣುವಂತೆ ನಿಮ್ಮಂಥವರು ನಿಜಕ್ಕೂ ಒದಗಬಲ್ಲ ಕೆಲಸ ಬೇರೆಯಿದೆ: ಅಜ್ಜಿಯ ಪಿಂಚಣಿ ಅರ್ಜಿ, ಜಾತಿ ಪ್ರಮಾಣಪತ್ರ, ಆಧಾರ್‌ನಲ್ಲೊಂದು ರೀತಿ, ಪಡಿತರ ಚೀಟಿಯಲ್ಲೊಂದು ರೀತಿ ಇರುವ ಹೆಸರಿನ ತಿದ್ದುಪಡಿ. ಅರ್ಜಿ ಕೊಟ್ಟು ಸ್ವೀಕೃತಿ ಚೀಟಿಯನ್ನು ಅವರ ಕೈಗಿಡಿ. ನಕಲೊಂದನ್ನು ನೀವಿಟ್ಟುಕೊಂಡು ಮೂರು ತಿಂಗಳಾದ ಮೇಲೂ ವಿಚಾರಿಸಿ. ಏಳು ದಿನದ ಶಿಬಿರದಲ್ಲಿ ಮುಗಿಯದ ಕೆಲಸ ಅದು, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಐವತ್ತು ಜನ ಇಳಿದರೆ ಪೋಡಿನ ನೀರಿನ ತೊಟ್ಟಿ ಬೆಳಗಿನ ಸ್ನಾನಕ್ಕೇ ಬರಿದಾದೀತು. ತಂಡ ಚಿಕ್ಕದಿರಲಿ. ನೀರು, ಶೌಚಾಲಯ, ಅರಣ್ಯ ಇಲಾಖೆಯ ಅನುಮತಿ ಇವನ್ನೆಲ್ಲ ಮೊದಲೇ ನೋಡಿಕೊಳ್ಳಿ. ದಿನಸಿ ನಿಮ್ಮದೇ ಇರಲಿ, ಪ್ಲಾಸ್ಟಿಕ್ ವಾಪಸ್ ಬರಲಿ. ಕೇಳದೆ ಮಕ್ಕಳ ಫೋಟೊ ಬೇಡ.

ಇನ್ನು ನಿಮ್ಮ ಗೆಳೆಯ. ಅವನನ್ನು ದಾರಿ ತೋರಿಸಲು ಕರೆಯಬೇಡಿ, ಸಮಾಧಾನ ಮಾಡಲೂ ಹೋಗಬೇಡಿ. ‘ನೀನು ಹೇಳಿದ್ದರ ಬಗ್ಗೆ ಯೋಚಿಸಿದೆ, ಬಟ್ಟೆ ಒಯ್ಯುತ್ತಿಲ್ಲ’ ಎಂದಷ್ಟೇ ಹೇಳಿ. ಅವನು ಮಾತಾಡಿದರೆ ಕೇಳಿಸಿಕೊಳ್ಳಿ. ಸುಮ್ಮನಿದ್ದರೆ ಅದೂ ಅವನ ಹಕ್ಕೇ. ಬಟ್ಟೆಯ ವಿಷಯವನ್ನು ಮಾತ್ರ ನಾಳೆಯೇ ನಿಮ್ಮ ಶಿಬಿರಾಧಿಕಾರಿಗೆ ತಿಳಿಸಿ, ಶಿಬಿರದ ಕರಪತ್ರ ಅಚ್ಚಾಗುವ ಮೊದಲು.