ಶ್ರೀಮತಿ ಎಂ. ಕೆ. ಇಂದಿರಾ ಅವರ ಕಾದಂಬರಿ ರಚನೆ

ಕಾವ್ಯಹೇತುಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂಬ ಮೂರನ್ನು ಹೇಳಿದರೇ ಹೊರತು ವಯಸ್ಸನ್ನು ಹೇಳಲಿಲ್ಲ. ಈ ಮಾತಿಗೆ ಕನ್ನಡದಲ್ಲಿ ಶ್ರೀಮತಿ ಎಂ. ಕೆ. ಇಂದಿರಾ ಅವರಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಇವರ ತಂದೆ ತರೀಕೆರೆ ಸೂರ್ಯನಾರಾಯಣರಾಯರು, ತಾಯಿ ಬನಶಂಕರಮ್ಮನವರು. ಹನ್ನೆರಡನೆಯ ವಯಸ್ಸಿಗೆ ವಿವಾಹವಾಯಿತು. ಶಾಲೆಯ ಓದು ಅಲ್ಲಿಗೆ ನಿಂತಿತು. ಮನೆವಾರ್ತೆಯ ನಡುವೆ ಕನ್ನಡ ಕಾವ್ಯಗಳ ಪರಿಚಯವನ್ನೂ ಹಿಂದೀ ಸಾಹಿತ್ಯದ ಜ್ಞಾನವನ್ನೂ ಸಂಪಾದಿಸಿಕೊಂಡರು. ಕಾದಂಬರಿ ಬರೆಯಲು ತೊಡಗಿದಾಗ ವಯಸ್ಸು ನಲವತ್ತೈದರ ಆಸುಪಾಸು. 1963ರಲ್ಲಿ 'ತುಂಗಭದ್ರಾ' ಪ್ರಕಟವಾಯಿತು. ಅನಂತರ ಲೇಖನಿ ನಿಲ್ಲಲಿಲ್ಲ. ಕೃತಿಗಳ ಸಂಖ್ಯೆ ಐವತ್ತರ ಸಮೀಪಕ್ಕೆ ಏರಿತು. ಇಷ್ಟು ಬರೆದವರ ಬರಹವೆಲ್ಲ ಸಮತೂಕದ್ದಾಗಿರಲಾರದು. ಕೆಲವು ಕೇವಲ ಮನೋರಂಜನೆಯ ಓದಿಗೆ ಸಲ್ಲುವಂಥವು. 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದುದರಿಂದ ಅದರ ಕಥೆ ಓದುಬಾರದವರಿಗೂ ತಲುಪಿತು.

ಆದರೆ ಇವರ ಸಿದ್ಧಿಯನ್ನು ಅಳೆಯಬೇಕಾದುದು 1976ರ 'ಫಣಿಯಮ್ಮ'ನಿಂದ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಋತುಮತಿಯಾದೊಡನೆ ಕೇಶಮುಂಡನಕ್ಕೊಳಗಾಗಿ, ಒಂದು ಶತಮಾನಕ್ಕೂ ಮಿಕ್ಕಿ ಬಾಳಿದ ಮಲೆನಾಡಿನ ವೃದ್ಧೆಯೊಬ್ಬಳ ನಿಜಜೀವನವೇ ಇಲ್ಲಿಯ ವಸ್ತು. ಆಕೆ ತನ್ನ ಕಥೆಯನ್ನು ಬನಶಂಕರಮ್ಮನವರಿಗೆ ಹೇಳಿಕೊಂಡಿದ್ದಳು. ಅದು ಮಗಳ ಕಿವಿಗೂ ಬಿದ್ದಿತ್ತು. ಪಂಡಿತರು ಹುಡುಕುವ ಉಪಮೆ ಉತ್ಪ್ರೇಕ್ಷೆಗಳು ಈ ಗದ್ಯದಲ್ಲಿ ವಿರಳ. ಒಳಮನೆಯಲ್ಲಿ ಹೆಂಗಸರು ಹೇಳುವ ರೀತಿಯಲ್ಲಿಯೇ ಕಥೆ ಸಾಗುತ್ತದೆ. ಫಣಿಯಮ್ಮ ಯಾರನ್ನೂ ದೂಷಿಸುವುದಿಲ್ಲ. ತನಗೆ ಒದಗಿದುದನ್ನು ಮೌನವಾಗಿ ಸಹಿಸಿದ ಆಕೆಯೇ, ಮುಂಡನಕ್ಕೆ ಒಪ್ಪದೆ ಪ್ರತಿಭಟಿಸಿದ ತರುಣ ವಿಧವೆ ದಾಕ್ಷಾಯಿಣಿಯ ಪಕ್ಷವನ್ನು ಹಿಡಿಯುತ್ತಾಳೆ. ಕೃತಿಯ ಸತ್ತ್ವವೆಲ್ಲ ಈ ಒಂದು ಸಂದರ್ಭದಲ್ಲಿ ಘನೀಭವಿಸಿದೆ. ಇಪ್ಪತ್ತರ ಹರೆಯದಲ್ಲಿ ಬರೆದಿದ್ದರೆ ಇಲ್ಲಿ ಕೋಪವೇ ಮುಂದಾಗುತ್ತಿತ್ತೇನೋ! ನಾಲ್ಕಾರು ದಶಕಗಳ ಸಂಸಾರಾನುಭವವು ಕೋಪವನ್ನು ಉಳಿಸಿಕೊಂಡೇ ಅದರ ಸದ್ದನ್ನು ತಗ್ಗಿಸಿತು.

ಈ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಶ್ರೀಮತಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರಕ್ಕೆ ಅಳವಡಿಸಿದರು. 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಹೊರಬಂದಿತು. ಇಂದಿರಾ ಅವರು 1994ರಲ್ಲಿ ತೀರಿಕೊಂಡರು. ಕಥೆಯ ಫಣಿಯಮ್ಮ ಕಣ್ಮುಚ್ಚುವುದು 1952ರಲ್ಲಿ, ನೂರಹನ್ನೆರಡು ವರ್ಷ ಬಾಳಿ. ಆ ವರ್ಷ ಇಂದಿರಾ ಅವರಿಗೆ ಮೂವತ್ತೈದು. ಅವರ ಮೊದಲ ಕಾದಂಬರಿ ಅಚ್ಚಾಗಲು ಇನ್ನೂ ಹನ್ನೊಂದು ವರ್ಷಗಳಿದ್ದವು.