ಭದ್ರೆಯ ದಡದಲ್ಲಿ ಎರಡು ರಾತ್ರಿ

ಭೂಗೋಳದ ಪುಸ್ತಕದಲ್ಲಿ ನದಿಯೆಂದರೆ ಒಂದು ನೀಲಿ ಗೆರೆ. ಅದರ ಉಗಮ, ಸಂಗಮ, ಅಣೆಕಟ್ಟುಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ ಮಾಡಿ, ಮರುದಿನ ಬರೆದು, ಮೂರನೆಯ ದಿನ ಮರೆತುಬಿಡುವುದು ನಮ್ಮಲ್ಲಿ ಅನೇಕರ ವಾಡಿಕೆ. ನಾನೂ ಅದೇ ಗುಂಪಿಗೆ ಸೇರಿದವನು. ಕಳೆದ ಜನವರಿಯಲ್ಲಿ ಅಧ್ಯಾಪಕರೊಬ್ಬರೊಡನೆ ನಾವು ಹದಿನಾಲ್ಕು ಮಂದಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಭದ್ರಾ ನದಿಯ ದಡದಲ್ಲಿರುವ ಭಗವತಿ ಪ್ರಕೃತಿ ಶಿಬಿರದಲ್ಲಿ ಎರಡು ರಾತ್ರಿ ತಂಗಿದೆವು. ಅಲ್ಲಿ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಂಗಾಮೂಲದ ಬೆಟ್ಟಗಳಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ನೇತ್ರಾವತಿಯು ಪಶ್ಚಿಮಕ್ಕಿಳಿದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ತುಂಗೆಯೂ ಭದ್ರೆಯೂ ಬೇರೆ ಬೇರೆ ದಾರಿ ಹಿಡಿದು ಕೂಡಲಿಯಲ್ಲಿ ಒಂದಾಗುತ್ತವೆ. ನಾವು ಕಂಡ ಭದ್ರೆಯು ಇನ್ನೂ ಎಳೆಯ ಹೊಳೆ. ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಾದಷ್ಟು ಕಿರಿದು. ಆದರೆ ನನ್ನ ಮನಸ್ಸಿಗೆ ಆಗ ಹೊಳೆದದ್ದು ಒಂದೇ ಪ್ರಶ್ನೆ. ಮಳೆ ನಿಂತು ಎರಡು ತಿಂಗಳಾಗಿದ್ದರೂ ಈ ನೀರು ಎಲ್ಲಿಂದ ಬರುತ್ತಿದೆ?

ಉತ್ತರವು ಸುತ್ತಲಿನ ಬೆಟ್ಟಗಳಲ್ಲೇ ಇತ್ತು. ಕುದುರೆಮುಖದ ಬೆಟ್ಟಗಳ ನೆತ್ತಿ ಹುಲ್ಲಿನದು; ಅವುಗಳ ಮಡಿಲಿನ ಕಣಿವೆಗಳಲ್ಲಿ ಶೋಲಾ ಎಂಬ ದಟ್ಟ ಕಾಡು. ಮುಂಗಾರಿನ ನಾಲ್ಕು ತಿಂಗಳಲ್ಲಿ ಇಲ್ಲಿ ಸುರಿಯುವ ಮಳೆ ಅಪಾರ. ಬೋಳು ಗುಡ್ಡವಾಗಿದ್ದರೆ ಅಷ್ಟೂ ನೀರು ಮಣ್ಣನ್ನು ಕೊಚ್ಚಿಕೊಂಡು ಒಂದೇ ಓಟಕ್ಕೆ ಇಳಿದುಹೋಗುತ್ತಿತ್ತು. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ; ಕಾಡಿನ ತರಗೆಲೆಯು ಹನಿಯ ಪೆಟ್ಟನ್ನು ತಡೆಯುತ್ತದೆ; ನೀರು ನಿಧಾನವಾಗಿ ನೆಲಕ್ಕಿಳಿದು, ಬೇಸಿಗೆಯುದ್ದಕ್ಕೂ ಒರತೆಯಾಗಿ ಜಿನುಗುತ್ತದೆ. ಎಂದರೆ, ನದಿಯು ಹರಿಯುವ ಪಾತ್ರವಷ್ಟೇ ನದಿಯಲ್ಲ. ಆ ಬೆಟ್ಟವೂ ನದಿಯೇ.

ಬಿಡಾರ ಹೂಡುವವರ ಮೊದಲ ಪಾಠ ಅಂದು ಸಂಜೆಯೇ ದೊರೆಯಿತು. ಶಿಬಿರದ ಡೇರೆಗಳು ದಂಡೆಯ ಮೇಲೆ ಎತ್ತರದಲ್ಲಿದ್ದವು. ನಮ್ಮಲ್ಲಿ ಕೆಲವರಿಗೆ ಹೊಳೆಯ ಮರಳಿನ ಮೇಲೆಯೇ ಮಲಗುವ ಆಸೆ. ಅರಣ್ಯ ಇಲಾಖೆಯ ವಾಚರೊಬ್ಬರು, ನಮ್ಮ ತಂದೆಯ ವಯಸ್ಸಿನವರು, ಏನೂ ಹೇಳದೆ ದಡದ ಮರವೊಂದನ್ನು ತೋರಿಸಿದರು. ನನ್ನ ತಲೆಗಿಂತ ಎತ್ತರದ ಕೊಂಬೆಯಲ್ಲಿ ಒಣಹುಲ್ಲು, ಕಸಕಡ್ಡಿ ಸಿಕ್ಕಿಕೊಂಡಿತ್ತು. “ಅದನ್ನ ಅಲ್ಲಿ ಇಟ್ಟದ್ದು ಯಾರು ಗೊತ್ತಾ ತಮ್ಮಾ? ಹೊಳೆ!” ಎಂದರು. ಮಳೆಗಾಲದ ನೀರು ಏರಿದ ಗುರುತು ಅದು. ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಕೆಳಗಿದ್ದವರಿಗೆ ಕಾಣಿಸುವುದಿಲ್ಲ, ನೀರು ಮಾತ್ರ ಬಂದುಬಿಡುತ್ತದೆ. ಅಲ್ಲದೆ ರಾತ್ರಿ ನೀರಿಗೆ ಬರುವ ಪ್ರಾಣಿಗಳ ದಾರಿಯೂ ಅದೇ. ತಗ್ಗಿನಲ್ಲಿ ಚಳಿಯೂ ಹೆಚ್ಚು. ತಣ್ಣನೆಯ ಗಾಳಿಯು ಭಾರವಾದುದರಿಂದ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆ ರಾತ್ರಿ ಡೇರೆಯಿಂದ ಹೊಳೆಗಿಳಿದ ನಾಲ್ಕು ಹೆಜ್ಜೆಯಲ್ಲೇ ಈ ಮಾತಿನ ನಿಜ ಮೈಗೆ ತಿಳಿಯಿತು.

ಎರಡನೆಯ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ಮರುದಿನ ಬೆಳಿಗ್ಗೆ ನಾನು ತಟ್ಟೆಯನ್ನೂ ಸೋಪನ್ನೂ ಹಿಡಿದು ನೀರಿಗಿಳಿದೆ. ನೊರೆಯು ತೇಲಿಕೊಂಡು ಬಂಡೆಯ ಸಂದಿಗೆ ಹೋಯಿತು. ಅಲ್ಲಿದ್ದ ಸಣ್ಣ ಮೀನುಗಳು ಚದುರಿದವು. ವಾಚರು ಓಡಿಬಂದು, “ಅಯ್ಯೋ ಮಾರಾಯಾ, ಕೆಳಗೆ ಕುಡಿಯೋರಿದ್ದಾರೆ!” ಎಂದರು. ಅಮೆರಿಕದ ಅರಣ್ಯಗಳಲ್ಲಿ ಬಿಡಾರ ಹೂಡುವವರಿಗೆ, ಪಾತ್ರೆ ತೊಳೆಯುವುದಾದರೆ ನೀರನ್ನು ಹೊಳೆಯಿಂದ 200 ಅಡಿ ದೂರಕ್ಕೆ ಹೊತ್ತೊಯ್ದು ತೊಳೆಯಬೇಕೆಂದು ಬೋಧಿಸುತ್ತಾರೆ. ಕೊಳೆನೀರನ್ನು ನೆಲಕ್ಕೆ ಚೆಲ್ಲಿದರೆ ಮಣ್ಣು ಅದನ್ನು ಸೋಸುತ್ತದೆ. ಹೊಳೆಗೆ ಚೆಲ್ಲಿದರೆ ಸೋಸುವವರಿಲ್ಲ.

“ಕೆಳಗೆ ಕುಡಿಯೋರಿದ್ದಾರೆ” ಎಂಬ ಮಾತು ನನಗೆ ನಾಟಿದ್ದಕ್ಕೆ ಕಾರಣವಿದೆ. ಆ ಕೆಳಗಿನವರು ನಾವೇ. ಈ ಹೊಳೆಯೇ ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯವಾಗುತ್ತದೆ. ನಮ್ಮ ಸೀಮೆಯಲ್ಲಿ ಮಳೆಗಾಲ ಬಂತೆಂದರೆ, 186 ಅಡಿಯ ಜಲಾಶಯದಲ್ಲಿ ನೀರು ಎಷ್ಟು ಬಂತೆಂಬುದೇ ಚಹದಂಗಡಿಯ ಮಾತು. ನಮ್ಮ ಎರಡೆಕರೆ ಗದ್ದೆ ಇರುವುದು ಬಲದಂಡೆ ಕಾಲುವೆಯ ಕೊನೆಭಾಗದಲ್ಲಿ. ಬೇಸಿಗೆ ಬೆಳೆಯ ಕಾಲದಲ್ಲಿ ಮೇಲ್ಭಾಗದವರು ತೂಬನ್ನು ಒಂದು ರಾತ್ರಿ ಹೆಚ್ಚು ತೆರೆದರೆ, ನಮ್ಮ ಗದ್ದೆಯಲ್ಲಿ ಬಿರುಕು. ತಂದೆಯವರು ಟಾರ್ಚು ಹಿಡಿದು ಕಾಲುವೆಯ ಏರಿಯ ಮೇಲೆ ಕಾದು ಕುಳಿತ ರಾತ್ರಿಗಳು ನನಗೆ ನೆನಪಿವೆ. ಆಗೆಲ್ಲ ಮೇಲಿನವರನ್ನು ಬೈದುಕೊಂಡವನು ನಾನು. ಅಂದು ಬೆಳಿಗ್ಗೆ ಮೇಲಿನವನು ನಾನೇ ಆಗಿದ್ದೆ, ಕೈಯಲ್ಲಿ ಸೋಪಿತ್ತು.

ಇದು ತಟ್ಟೆ ತೊಳೆಯುವುದಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಇದೇ ಬೆಟ್ಟಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ತೆಗೆಯಲಾಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಸಿದರು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೂ ಸೇರುತ್ತಿತ್ತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರು ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಲ್ಲಿ ದುಡಿಯುತ್ತಿದ್ದವರ ಅನ್ನದ ಪ್ರಶ್ನೆಯೂ ಸಣ್ಣದಾಗಿರಲಿಲ್ಲ. ಅದನ್ನು ಮರೆತು ಮಾತಾಡುವುದು ನ್ಯಾಯವಲ್ಲ. ಆದರೆ ಅದಿರು ಒಮ್ಮೆ ತೆಗೆದರೆ ಮುಗಿಯಿತು. ನೀರಾದರೋ ಬೆಟ್ಟವು ಇರುವವರೆಗೆ ಪ್ರತಿವರ್ಷವೂ ಬರುವ ಬೆಳೆ.

ಕಾಡಿನಲ್ಲಿ ಬಿಡಾರ ಹೂಡಲು ಹೊರಡುವ ಮಿತ್ರರಿಗೆ ನನ್ನ ಸೂಚನೆ ಇಷ್ಟೆ: ಅನುಮತಿಯಿಲ್ಲದೆ ಹೋಗಬೇಡಿ, ಎತ್ತರದಲ್ಲಿ ಮಲಗಿರಿ, ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಕುಡಿಯಿರಿ, ಜನವರಿಯ ನಂತರ ಬೆಟ್ಟದ ಹುಲ್ಲು ಒಣಗಿರುವುದರಿಂದ ಕಂಡಲ್ಲಿ ಬೆಂಕಿ ಹಚ್ಚಬೇಡಿ, ಒಯ್ದದ್ದನ್ನೆಲ್ಲ ಮರಳಿ ತನ್ನಿ.

ಊರಿಗೆ ಮರಳಿದ ಮೇಲೆ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ. ಭದ್ರೆಯ ನೀರಿನಲ್ಲಿ ಮೂವತ್ತು ವರ್ಷ ಬೆಳೆ ತೆಗೆದರೂ ಅವರು ಆ ಬೆಟ್ಟವನ್ನು ಕಂಡವರಲ್ಲ. “ಅಲ್ಲಿ ನೀರು ಹೆಂಗೈತಪ್ಪಾ?” ಎಂದರು. ತಳದ ಕಲ್ಲು ಕಾಣುವಷ್ಟು ತಿಳಿಯಾಗಿದೆ ಎಂದೆ. ಸೋಪಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಸಲ ನನ್ನೂ ಕರ್ಕಂಡು ಹೋಗು” ಎಂದರು. ಪದವಿ ಪರೀಕ್ಷೆ ಮುಗಿದೊಡನೆ ನಾನು ಮಾಡಬೇಕಾದ ಮೊದಲ ಕೆಲಸ ಅದೇ.